ಶನಿವಾರದ ಊಟ

ಪಾರ್ಕ್‌ಲ್ಯಾಂಡ್ಸ್, ನೈರೋಬಿ
11 ಜೂನ್ 2012

ಭಾರ್ಗವಿಗೆ,

ನಾಲ್ಕು ಪಂದ್ಯ ಆಡಿದೆವು, ನಾಲ್ಕನ್ನೂ ಸೋತೆವು. ಇದನ್ನು ನೀನು ಮೊಂಬಾಸಾದಲ್ಲಿ ಯಾರೋ ಹಳೆಯ ಪೇಪರಿನಲ್ಲಿ ಕಟ್ಟಿಕೊಟ್ಟ ಮೀನಿನ ಮೇಲೆ ಓದುವ ಬದಲು ನನ್ನ ಕೈಬರಹದಲ್ಲೇ ಓದು ಎಂದು ಬರೆಯುತ್ತಿದ್ದೇನೆ. ಮೀನು ತಿನ್ನುವುದನ್ನು ಕಲಿತಿದ್ದೀಯ ಎಂದು ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ.

ನಿಮ್ಮಪ್ಪ ಕಟ್ಟಿದ ಮರಾಬು ಕ್ರಿಕೆಟ್ ತಂಡ ಇವತ್ತು ಎಂಟು ತಂಡಗಳ ಲೀಗಿನಲ್ಲಿ ಎಂಟನೆಯದು. ನಿನ್ನೆ ಅರವತ್ತೊಂದಕ್ಕೆ ಆಲೌಟ್. ನಾನು ಒಯ್ದಿದ್ದ ಫ್ಲಾಸ್ಕಿನ ಕಾಫಿ ಆರುವ ಮೊದಲೇ ಕೊನೆಯವನು ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ವಾಪಸು ಬರುತ್ತಿದ್ದ. ನಾನು ಎದ್ದು ನಿಲ್ಲಲೂ ಇಲ್ಲ.

ಇದು ಸಂಬಳ ಕೊಟ್ಟು ಆಡಿಸುವ ತಂಡ, ಭಾನುವಾರದ ಪಿಕ್ನಿಕ್ ಅಲ್ಲ. ಕೊನೆಯಲ್ಲಿ ಉಳಿದವರಿಗೆ ಮುಂದಿನ ವರ್ಷ ಲೀಗಿನಲ್ಲಿ ಜಾಗವಿಲ್ಲ. ಒಟ್ಟು ಹದಿನಾಲ್ಕು ಪಂದ್ಯಗಳಲ್ಲಿ ಏಳನೆಯದು ಶುರುವಾಗುವವರೆಗೆ ಆಟಗಾರರನ್ನು ಬದಲಾಯಿಸಬಹುದು. ಆಮೇಲೆ ಇದ್ದವರನ್ನೇ ಕಟ್ಟಿಕೊಂಡು ಏಗಬೇಕು.

ಗೋಪಿನಾಥರು ನಾಯಕನನ್ನೇ ಕೈಬಿಡಬೇಕು ಎನ್ನುತ್ತಿದ್ದಾರೆ. ಚಕ್ರಪಾಣಿಯನ್ನು! ಮೈಸೂರಿನಿಂದ ನಿಮ್ಮಪ್ಪ ಕೈಹಿಡಿದು ಕರೆತಂದ ಹುಡುಗ ಅವನು. ನಿಮ್ಮಪ್ಪನ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವನು. ಅವನನ್ನು ಉಳಿಸಬೇಕೆಂಬುದು ನನ್ನ ತೀರ್ಮಾನ. ಟ್ರಸ್ಟಿನಲ್ಲಿ ನಾವು ಮೂವರು: ಅಧ್ಯಕ್ಷೆ ನಾನು, ಗೋಪಿನಾಥರು, ನೀನು. ಫೋನಿನಲ್ಲಿ ಹೇಳಿದ್ದು ಮತವಲ್ಲ, ಬರೆದು ಸಹಿ ಹಾಕಿದ್ದೇ ಮತ ಎಂದು ನಿಮ್ಮಪ್ಪನೇ ನಿಯಮ ಮಾಡಿ ಹೋಗಿದ್ದಾರೆ. ನನಗೂ ಅದೇ ಅನುಕೂಲ. ಫೋನಿನಲ್ಲಿ ನಾನು ಕನ್ನಡದಲ್ಲಿ ಹತ್ತು ಮಾತಾಡಿದರೆ ನೀನು ಇಂಗ್ಲಿಷಿನಲ್ಲಿ ಅರ್ಧ ಮಾತಾಡುತ್ತೀಯ. ಕಾಗದದಲ್ಲಿ ಪೂರ್ತಿ ಬರೆ.

ಯಾರನ್ನು ಕೈಬಿಟ್ಟರೂ ನಮ್ಮ ಮನೆಯ ರೀತಿಯಲ್ಲೇ ಕೈಬಿಡುತ್ತೇವೆ. ಬೇರೆ ತಂಡಗಳಲ್ಲಿ ಎಸ್ಸೆಮ್ಮೆಸ್ ಕಳಿಸುತ್ತಾರಂತೆ, ಥೂ. ನಾವು ಶನಿವಾರ ಮಧ್ಯಾಹ್ನ ಊಟಕ್ಕೆ ಕರೆದು, ಬಾಳೆಲೆ ಹಾಕಿ, ಹೊಟ್ಟೆ ತುಂಬ ಬಡಿಸಿ, ಕೈ ತೊಳೆದ ಮೇಲೆ ಎದುರಿಗೆ ಕೂರಿಸಿ ಹೇಳಿ, ಒಂದು ಡಬ್ಬಿ ಕೋಡುಬಳೆ ಕೈಗಿತ್ತು ಕಳಿಸುತ್ತೇವೆ. ಆ ಮರ್ಯಾದೆ ಈ ಊರಿನಲ್ಲಿ ಇನ್ಯಾವ ಕ್ಲಬ್ಬಿನಲ್ಲಿದೆ ಹೇಳು.

ಮತ ಬೇಗ ಕಳಿಸು. ಬಸ್ಸಿನ ಪಾರ್ಸಲ್‌ನವರ ಕೈಗೆ ಕೊಟ್ಟರೆ ಮರುದಿನ ಬೆಳಿಗ್ಗೆ ಇಲ್ಲಿರುತ್ತದೆ.

ಕಾತ್ಯಾಯಿನಿ ದ್ವಾರಕಾನಾಥ್
ಅಧ್ಯಕ್ಷೆ, ಮರಾಬು ಕ್ರಿಕೆಟ್ ಕ್ಲಬ್


ಮೊಂಬಾಸಾ
17 ಜೂನ್ 2012

ಅಮ್ಮ,

ಸ್ವಂತ ಮಗಳಿಗೆ ಬರೆದ ಕಾಗದಕ್ಕೂ ಅಧ್ಯಕ್ಷೆ ಎಂದು ಸಹಿ ಹಾಕುವ ತಾಯಿ ಈ ಕರಾವಳಿಯಲ್ಲಿ ಯಾರಿಗೂ ಇಲ್ಲ. ಆಫೀಸಿನಲ್ಲಿ ತೋರಿಸಿದೆ. ಎಲ್ಲರೂ ನಿನ್ನನ್ನು ನೋಡಬೇಕಂತೆ.

ಈ ವಾರ ಬಂದರಿನಲ್ಲಿ ಎರಡು ಹಡಗು ಜೋಳ ಇಳಿಯುತ್ತಿದೆ, ಬರಪೀಡಿತ ಉತ್ತರದ ಕಡೆಗೆ ಹೋಗಬೇಕಾದದ್ದು. ಲಾರಿಗಳು ಸಾಲುತ್ತಿಲ್ಲ. ಅದರ ನಡುವೆ ಬರೆಯುತ್ತಿದ್ದೇನೆ, ಕನ್ನಡದಲ್ಲಿ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡ.

ಒಂದು ಪ್ರಶ್ನೆ. ನಿನ್ನ ಕಾಗದದಲ್ಲಿ ಗೋಪಿನಾಥ್ ಅಂಕಲ್ ಇದ್ದಾರೆ, ಅಪ್ಪ ಇದ್ದಾರೆ, ಚಕ್ರಣ್ಣ ಇದ್ದಾನೆ, ನೀನಂತೂ ಇದ್ದೀಯ. ಕೋಚ್ ವಿನ್ಸೆಂಟ್ ಎಲ್ಲಿ? ಹುಡುಗರನ್ನು ದಿನಾ ಬೆಳಿಗ್ಗೆ ನೆಟ್ಸ್‌ನಲ್ಲಿ ನೋಡುವವನು ಅವನೊಬ್ಬನೇ. ಅವನನ್ನು ಕೇಳಿದೆಯಾ?

ನೆಟ್ಸ್ ಎಂದಾಗ ನೆನಪಾಯಿತು. ಹದಿನಾಲ್ಕು ವರ್ಷದವರೆಗೆ ನಾನೂ ಅಲ್ಲಿ ವಿಕೆಟ್ ಹಿಂದೆ ನಿಲ್ಲುತ್ತಿದ್ದೆ. ಆಮೇಲೆ ಒಂದು ಶನಿವಾರ ನೀನು ನನಗೂ ಕೋಡುಬಳೆ ಮಾಡಿದೆ.

ಭಾರ್ಗವಿ


ಪಾರ್ಕ್‌ಲ್ಯಾಂಡ್ಸ್
25 ಜೂನ್ 2012

ಭಾರ್ಗವಿಗೆ,

ಪ್ರಶ್ನೆ ಕೇಳು ಎಂದು ನಾನು ಬರೆದಿರಲಿಲ್ಲ. ಮತ ಕಳಿಸು ಎಂದು ಬರೆದಿದ್ದೆ.

ನಿನ್ನೆ ಐದನೆಯದನ್ನೂ ಸೋತೆವು. ಚಕ್ರಪಾಣಿ ಮೊದಲ ಓವರಿನಲ್ಲೇ ಬೌಲ್ಡ್. ಚೆಂಡು ಸ್ಟಂಪಿಗೆ ಬಡಿದ ಮೇಲೆ ಅವನ ಬ್ಯಾಟು ಕೆಳಗಿಳಿಯಿತು. ಅದನ್ನು ನಾನು ಕಣ್ಣಾರೆ ಕಂಡೆ, ಆದರೂ ನಂಬಲಾಗಲಿಲ್ಲ. ಅವನೂ ನಂಬಲಿಲ್ಲ, ಕೆಳಗೆ ಬಿದ್ದ ಬೇಲ್ಸನ್ನೇ ನೋಡುತ್ತ ನಿಂತಿದ್ದ. ಅಂಪೈರು ಹೋಗಿ ಅವನ ಭುಜ ಮುಟ್ಟಬೇಕಾಯಿತು.

ಪಂದ್ಯ ಮುಗಿದ ಮೇಲೆ ಕ್ಲಬ್ಬಿನ ರೂಮಿನಲ್ಲಿ ಕೂತೆವು. ವಿನ್ಸೆಂಟನನ್ನೂ ಕರೆದೆ. ನೀನು ಹೇಳಿದ್ದಕ್ಕಲ್ಲ, ಅವನು ಅಲ್ಲೇ ನಿಂತಿದ್ದ ಎಂದು.

"ಅಕ್ಕಾ, ಚಕ್ರಪಾಣಿಗೆ ಬಾಲೇ ಕಾಣ್ತಿಲ್ಲ. ಸೌಂಡ್ ಕೇಳಿ ಬ್ಯಾಟ್ ಬೀಸ್ತಾನೆ," ಎಂದರು ಗೋಪಿನಾಥರು.

"ಸೌಂಡ್ ಕೇಳಿಯಾದ್ರೂ ಬೀಸ್ತಾನಲ್ಲ. ಮಿಕ್ಕವರಿಗೆ ಕಿವಿಯೂ ಇಲ್ಲ."

"ಅವನಿಗೆ ಥರ್ಟಿನೈನ್ ಆಯ್ತು ಅಕ್ಕಾ."

"ನಿಮಗೆ ಎಪ್ಪತ್ತೊಂದು ಆಯ್ತು. ನಾನೇನು ನಿಮ್ಮನ್ನ ಊಟಕ್ಕೆ ಕರೆದೆನಾ?"

ತಮಾಷೆಗೆ ಹೇಳಿದೆ. ಗೋಪಿನಾಥರ ಮುಖ ಯಾಕೋ ಬಿಳಿಚಿಕೊಂಡಿತು. ನೀರು ಕುಡಿದರು.

ವಿನ್ಸೆಂಟ್ ಗೋಡೆಗೊರಗಿ ನಿಂತಿದ್ದ. ಅವನು ಆಡುವುದು ಅರ್ಧ ಸ್ವಾಹಿಲಿ, ಅರ್ಧ ಇಂಗ್ಲಿಷ್. ಅದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ, ಅಮ್ಮ ಎನ್ನಲು ಅವನು ಬಳಸುವ 'ಮಾಮಾ' ಒಂದನ್ನು ಬಿಟ್ಟು. "ಮಾಮಾ, ವಫುಲಾನನ್ನ ಓಪನಿಂಗ್ ಕಳಿಸಿ. ಇಪ್ಪತ್ತು ವರ್ಷ, ಹೆದರಿಕೆ ಅಂದ್ರೆ ಏನೂಂತ ಗೊತ್ತಿಲ್ಲ. ಚಕ್ರ ಕೂತ್ಕೊಳ್ಳಲಿ."

"ನಾಯಕ ಕೂತ್ಕೊಂಡ್ರೆ ತಂಡ ನಿಲ್ಲುತ್ತಾ?" ಎಂದೆ.

"ಈಗ ನಿಂತಿದೆಯಾ, ಮಾಮಾ?"

ನನ್ನೆದುರಿಗೆ ಯಾರೂ ಹಾಗೆ ಮಾತಾಡಿದ್ದಿಲ್ಲ. ಹನ್ನೊಂದು ವರ್ಷದಿಂದ ನಾನು ಆ ಕುರ್ಚಿಯಲ್ಲಿ ಕೂತಿದ್ದೇನೆ. ನಾನು ಕೈಚೀಲ ತೆಗೆದುಕೊಂಡು ಎದ್ದು ಬಂದೆ.

ಚಕ್ರಪಾಣಿ ಉಳಿಯಬೇಕು ಎಂದು ಒಂದು ಸಾಲು, ಕೆಳಗೆ ಸಹಿ. ಹಡಗಿನಿಂದ ಜೋಳ ಇಳಿಸುವಷ್ಟು ಕಷ್ಟದ ಕೆಲಸವಲ್ಲ ಇದು.

ಕಾತ್ಯಾಯಿನಿ ದ್ವಾರಕಾನಾಥ್
ಅಧ್ಯಕ್ಷೆ


ಮೊಂಬಾಸಾ
30 ಜೂನ್ 2012

ಅಮ್ಮ,

ಇದೋ ನನ್ನ ಮತ, ಬರೆದು ಸಹಿ ಮಾಡಿದ್ದು: ಆಡುವ ಹನ್ನೊಂದು ಜನರ ವಿಷಯದಲ್ಲಿ ವಿನ್ಸೆಂಟ್ ಹೇಳಿದ ಹಾಗೆ ಆಗಲಿ.

ಚಕ್ರಣ್ಣ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವನು. ಇದನ್ನು ಬರೆಯುವುದು ಸುಲಭವಾಗಲಿಲ್ಲ.

ಗೋಪಿನಾಥ್ ಅಂಕಲ್ ಯಾಕೆ ಬಿಳಿಚಿಕೊಂಡರು ಎಂದು ನಿನಗೆ ನಿಜವಾಗಲೂ ಗೊತ್ತಾಗಲಿಲ್ಲವೇ?

ಭಾರ್ಗವಿ


ಪಾರ್ಕ್‌ಲ್ಯಾಂಡ್ಸ್
9 ಜುಲೈ 2012

ಭಾರ್ಗವಿಗೆ,

ಕೋಪದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಹೇಳಬೇಡ.

ನಿನ್ನ ಮತ ಬಂದ ದಿನ ನಾನು ಊಟ ಮಾಡಲಿಲ್ಲ. ಎರಡು ದಿನ ಯೋಚಿಸಿದೆ. ನಿಮ್ಮಪ್ಪನ ಫೋಟೋದ ಎದುರು ಕೂತು ಯೋಚಿಸಿದೆ. ಕೊನೆಗೆ, ಸರಿ, ಇಬ್ಬರು ಟ್ರಸ್ಟಿಗಳು ಒಂದು ಕಡೆ ಇರುವಾಗ ನಾನು ಅಡ್ಡ ನಿಲ್ಲುವವಳಲ್ಲ, ವಫುಲಾ ಓಪನಿಂಗ್ ಹೋಗಲಿ, ಚಕ್ರಪಾಣಿಯೊಡನೆ ನಾನೇ ಮಾತಾಡುತ್ತೇನೆ ಎಂದು ತೀರ್ಮಾನಿಸಿದೆ. ನಾನು ಸೋಲೊಪ್ಪಿಕೊಂಡೆ ಎಂದೇ ಇಟ್ಟುಕೋ. ಅದನ್ನು ವಿನ್ಸೆಂಟನಿಗೆ ನಾನೇ ಬಾಯಾರೆ ಹೇಳಬೇಕು, ಅವನು ಹೇಳಿದ್ದೇ ಸರಿ ಎನ್ನಬೇಕು ಎಂದುಕೊಂಡೆ. ಅಂಥ ಮಾತನ್ನು ಮೈದಾನದ ಬೇಲಿಯ ಹತ್ತಿರ ನಿಂತು ಹೇಳಲಾದೀತೆ? ಡ್ರೈವರ್ ಮುಸ್ಯೋಕಾನನ್ನು ಕಾರು ಕೊಟ್ಟು ನೆಟ್ಸ್‌ಗೆ ಕಳಿಸಿ ಹೇಳಿಸಿದೆ: "ಶನಿವಾರ ಮಧ್ಯಾಹ್ನ ಕೋಚ್ ನಮ್ಮ ಮನೆಗೆ ಊಟಕ್ಕೆ ಬರಬೇಕಂತೆ, ಮಾಮಾ ಹೇಳಿದ್ದಾರೆ."

"ಏನೆಂದ?" ಎಂದು ಮುಸ್ಯೋಕಾನನ್ನು ಕೇಳಿದೆ.

"ಸವಾ, ಆಯ್ತು ಅಂದ್ರು, ಮಾಮಾ."

"ಅಷ್ಟೇನಾ?"

"ಅಷ್ಟೇ. ಅಲ್ಲಿದ್ದವರೆಲ್ಲ ಆಡೋದು ನಿಲ್ಲಿಸಿದ್ರು."

ಶನಿವಾರ ಬೆಳಗಿನ ಆರು ಗಂಟೆಯಿಂದ ಅಡಿಗೆ ಮಾಡಿದೆ. ಬಿಸಿಬೇಳೆಬಾತ್, ಹುರುಳಿಕಾಯಿ ಪಲ್ಯ, ಕೋಸಂಬರಿ, ಒಬ್ಬಟ್ಟು. ಒಬ್ಬಟ್ಟು ನಾನು ಶನಿವಾರಗಳಲ್ಲಿ ಮಾಡುವುದಿಲ್ಲ, ಅವನಿಗೆಂದು ಮಾಡಿದೆ. ಎಲೆ ಹಾಕಿ ಕಾದೆ. ಒಂದು ಗಂಟೆ ಆಯಿತು, ಎರಡಾಯಿತು. ಫೋನ್ ಮಾಡಿದರೆ ಸ್ವಿಚ್ ಆಫ್. ತುಪ್ಪ ಹೆಪ್ಪುಗಟ್ಟಿತು, ಗೊತ್ತಲ್ಲ ಇಲ್ಲಿಯ ಜುಲೈ ಚಳಿ.

ಸಂಜೆ ಕ್ಲಬ್ಬಿನ ವಾಚ್‌ಮನ್ ಬಂದು ಕಿಟ್ ರೂಮಿನ ಬೀಗದ ಕೈ ನನ್ನ ಕೈಯಲ್ಲಿಟ್ಟ. ವಿನ್ಸೆಂಟ್ ಶುಕ್ರವಾರವೇ ಕೊಟ್ಟು ಹೋದನಂತೆ. ನಿನ್ನೆ ಗೋಪಿನಾಥರು ಫೋನ್ ಮಾಡಿದರು. ಲಂಗಾಟಾ ಕಡೆಯ ತಂಡದ ಮೈದಾನದಲ್ಲಿ ಅವನನ್ನು ನೋಡಿದವರಿದ್ದಾರಂತೆ. ವಫುಲಾನೂ ಜೊತೆಗಿದ್ದನಂತೆ. ವಿನ್ಸೆಂಟ್ ಅವರ ಹುಡುಗರಿಗೆ ಕ್ಯಾಚ್ ಪ್ರಾಕ್ಟೀಸ್ ಕೊಡುತ್ತಿದ್ದನಂತೆ!

ಒಂಬತ್ತು ವರ್ಷ ನಮ್ಮ ಸಂಬಳ ಉಂಡವನು. ಅವನ ಮಾತೇ ಸರಿ ಎಂದು ಹೇಳಲು ಕರೆದೆ, ಅವನು ಬೀಗದ ಕೈ ಎಸೆದು ಹೋದ. ನಾನು ಮಾಡಿದ ಅಪರಾಧವೇನು? ಊಟಕ್ಕೆ ಕರೆದದ್ದೇ?

ಕಾತ್ಯಾಯಿನಿ ದ್ವಾರಕಾನಾಥ್
ಅಧ್ಯಕ್ಷೆ


ಮೊಂಬಾಸಾ
13 ಜುಲೈ 2012

ಅಮ್ಮ,

ಹೌದು. ಊಟಕ್ಕೆ ಕರೆದದ್ದೇ.

ಇದನ್ನು ಫೋನಿನಲ್ಲಿ ಹೇಳಲು ಹೊರಟೆ, ಆಗಲಿಲ್ಲ. ನಮ್ಮ ಮನೆಯ ಶನಿವಾರದ ಊಟಕ್ಕೆ ಆಟಗಾರರು ಒಂದು ಹೆಸರಿಟ್ಟಿದ್ದಾರೆ. ಚಕುಲಾ ಚಾ ಮ್ವಿಶೊ. ನಿನಗೆ ಸ್ವಾಹಿಲಿ ನನಗಿಂತ ಚೆನ್ನಾಗಿ ಬರುತ್ತದೆ, ಆದರೂ ಬರೆಯುತ್ತೇನೆ: ಕೊನೆಯ ಊಟ. ನಮ್ಮ ಬೂದು ಬಣ್ಣದ ಕಾರು ಮೈದಾನದ ಗೇಟಿನಲ್ಲಿ ತಿರುಗಿತು ಎಂದರೆ ಎಲ್ಲರೂ ಅವರವರ ಶೂ ಲೇಸ್ ಕಟ್ಟಿಕೊಳ್ಳುತ್ತಾರೆ, ಮುಸ್ಯೋಕಾನ ಕಣ್ಣು ತಪ್ಪಿಸಲು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗಲೇ ಈ ಜೋಕ್ ಇತ್ತು.

ಅಪ್ಪನಿಗೂ ಗೊತ್ತಿತ್ತು. ಅವರೂ ನಗುತ್ತಿದ್ದರು. ಯಾಕೆಂದರೆ ಅವರು ಸುಮ್ಮಸುಮ್ಮನೆಯೂ ಕರೆಯುತ್ತಿದ್ದರು. ಗೆದ್ದರೆ ಕರೆಯುತ್ತಿದ್ದರು, ಯಾರಿಗೋ ಮಗು ಹುಟ್ಟಿದರೆ ಕರೆಯುತ್ತಿದ್ದರು, ಮಾವಿನ ಹಣ್ಣು ಬಂದರೆ ಕರೆಯುತ್ತಿದ್ದರು. ಆದ್ದರಿಂದ ಯಾರಿಗೂ ಯಾವ ಊಟ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಅಪ್ಪ ಹೋದ ಮೇಲೆ ನೀನು ಅವರನ್ನು ಕರೆದದ್ದು ಕೈಬಿಡುವ ಶನಿವಾರಗಳಿಗೆ ಮಾತ್ರ, ಅಮ್ಮ.

ವಿನ್ಸೆಂಟ್ ನಿನ್ನ ಕೈಯಿಂದ ಡಬ್ಬಿ ತೆಗೆದುಕೊಳ್ಳಲಾರದೆ ಹೋದ. ನಾನು ಅವನೊಡನೆ ಮಾತಾಡಿದೆ. ಆ ತಂಡದವರಿಗೆ ಅವನಿನ್ನೂ ಸಹಿ ಹಾಕಿಲ್ಲ. ವಫುಲಾ ಅವನು ಹೋದಲ್ಲಿ ಹೋಗುತ್ತಾನೆ.

ಭಾರ್ಗವಿ


ಪಾರ್ಕ್‌ಲ್ಯಾಂಡ್ಸ್
23 ಜುಲೈ 2012

ಭಾರ್ಗವಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಮೂರು ಸಲ ಕೂತೆ. ಅದಕ್ಕೆ ಉತ್ತರ ಇದಲ್ಲ. ಇದು ಬೇರೆ ವಿಷಯ.

ನಿನ್ನೆ ಆರನೆಯದನ್ನೂ ಸೋತೆವು. ಬರುವ ಭಾನುವಾರ ಏಳನೆಯದು. ಪಟ್ಟಿ ಬದಲಾಯಿಸಲು ಉಳಿದದ್ದು ಈ ಒಂದು ವಾರ.

ಬುಧವಾರ ಸಂಜೆ ಚಕ್ರಪಾಣಿ ಬಂದಿದ್ದ. ನಾನು ಕರೆಸಿರಲಿಲ್ಲ. ವರಾಂಡದಲ್ಲೇ ನಿಂತ. ಒಳಗೆ ಬಾ ಎಂದರೆ ಚಪ್ಪಲಿ ಬಿಟ್ಟು ಹಜಾರದವರೆಗೆ ಬಂದ, ಊಟದ ಕೋಣೆಯ ಕಡೆಗೆ ಮುಖ ಕೂಡ ತಿರುಗಿಸಲಿಲ್ಲ. ನಿನ್ನ ಕಾಗದ ಓದಿರದಿದ್ದರೆ ಅದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

"ಕಾಫಿ ತರ್ತೀನಿ ಕೂತ್ಕೋ," ಎಂದೆ.

"ಕಾಫಿ ಮಾತ್ರ ತಾನೇ ಅಮ್ಮ?" ಎಂದು ನಕ್ಕ.

ಅರ್ಧ ಲೋಟ ಕುಡಿದು ಕೆಳಗಿಟ್ಟ. "ಅಮ್ಮ, ಈ ಶನಿವಾರ ನನ್ನನ್ನ ಊಟಕ್ಕೆ ಕರೀರಿ."

ಅರ್ಥವಾಗದವಳ ಹಾಗೆ ಕೇಳಿದೆ, "ಯಾಕೆ, ನಿನ್ನ ಹೆಂಡ್ತಿ ಅಡಿಗೆ ಮಾಡೋದು ಬಿಟ್ಲಾ?"

"ಮಾಡ್ತಾಳೆ. ಕೋಡುಬಳೆ ಕೊಟ್ಟು ಕಳಿಸಲ್ಲ."

"ತಮಾಷೆ ಸಾಕು."

"ತಮಾಷೆ ಅಲ್ಲಮ್ಮ. ನಾನಾಗಿ ಬಿಟ್ಟು ಹೋದ್ರೆ ಸೋಲ್ತಾ ಇರೋವಾಗ ಓಡಿ ಹೋದ ಅಂತಾರೆ. ನೀವು ಕೈಬಿಟ್ರೆ ಮರ್ಯಾದೆಯಾಗಿ ಹೋಗ್ತೀನಿ. ನನಗೆ ಬಾಲ್ ಕಾಣ್ತಿಲ್ಲ. ವಿನ್ಸೆಂಟ್‌ಗೆ ಗೊತ್ತು, ಹುಡುಗರಿಗೆ ಗೊತ್ತು, ಬೌಲಿಂಗ್ ಮಾಡೋರಿಗೂ ಗೊತ್ತು."

"ನಿಮ್ಮ ಸಾರ್ ಕರೆತಂದ ಹುಡುಗ ನೀನು. ನಿನಗೆ ನನ್ನ ಕೈಯಿಂದ ಆ ಡಬ್ಬಿ ಕೊಡಲ್ಲ."

ಅವನು ನಿಮ್ಮಪ್ಪನ ಫೋಟೋ ನೋಡಿದ. ಆಮೇಲೆ ಮೆಲ್ಲಗೆ, ನನಗೆ ನೋವಾಗಬಾರದು ಎನ್ನುವ ಹಾಗೆ ಹೇಳಿದ: "ಸಾರ್ ಇದ್ದಿದ್ರೆ ಹೋದ ವರ್ಷವೇ ಕರೀತಿದ್ರು, ಅಮ್ಮ."

ನಿಮ್ಮಪ್ಪ ತೀರಿಕೊಂಡ ದಿನವೂ ಜನರ ಮುಂದೆ ನೆಟ್ಟಗೆ ನಿಂತವಳು ನಾನು. ಬುಧವಾರ ಅವನು ಹೋದ ಮೇಲೆ ಅಲ್ಲೇ ಕುರ್ಚಿಯಲ್ಲಿ ಕೂತೆ, ದೀಪ ಹಾಕಲು ಏಳಲಿಲ್ಲ. ನಾನು ಉಳಿಸುತ್ತಿದ್ದವನೇ ನನ್ನನ್ನು ಬಿಡಿ ಎಂದು ಕೇಳಿಕೊಂಡು ಬಂದಿದ್ದ. ಇಷ್ಟು ದಿನ ನಾನು ಉಳಿಸಿದ್ದು ಯಾರನ್ನು?

ಆದರೂ ಅವನನ್ನು ಕರೆಯಲು ನನ್ನಿಂದಾಗಲಿಲ್ಲ. ವಫುಲಾ ಹೋದ ಮೇಲೆ ಓಪನಿಂಗ್‌ಗೆ ಇನ್ಯಾರಿದ್ದಾರೆ ಎಂಬ ನೆಪ ಹಿಡಿದು, ಶುಕ್ರವಾರ ಪಟ್ಟಿಗೆ ಸಹಿ ಹಾಕುವಾಗ ಅವನ ಹೆಸರನ್ನೇ ಮೊದಲು ಬರೆದೆ. ನಿನ್ನೆ ಅವನು ಮತ್ತೆ ಸೊನ್ನೆಗೆ ಔಟಾದ. ಹಿಂದಿರುಗುವಾಗ ನಾನು ಕೂತಿದ್ದ ಕಡೆ ನೋಡಿ ಬ್ಯಾಟನ್ನು ಸ್ವಲ್ಪ ಎತ್ತಿದ, ಶತಕ ಹೊಡೆದವರು ಎತ್ತುತ್ತಾರಲ್ಲ, ಹಾಗೆ. ಸುತ್ತ ಕೂತಿದ್ದವರು ನಕ್ಕರು. ನಾನು ಎಲ್ಲಿ ನೋಡಲಿ ಎಂದು ತಿಳಿಯದೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ.

ಈ ಭಾನುವಾರವೂ ಸೋತರೆ ಮುಗಿಯಿತು. ಏನು ಮಾಡಬೇಕೆಂದು ನನಗೆ ತೋಚುತ್ತಿಲ್ಲ. ಈ ಮಾತನ್ನು ನಾನು ಯಾರಿಗೂ ಬರೆದವಳಲ್ಲ.

ಕಾತ್ಯಾಯಿನಿ ದ್ವಾರಕಾನಾಥ್
ಅಧ್ಯಕ್ಷೆ


ಹರ್ಲಿಂಗ್‌ಹ್ಯಾಮ್, ನೈರೋಬಿ
25 ಜುಲೈ 2012

ಅಮ್ಮ,

ಈ ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬಾ.

ಹೋದ ವಾರವೇ ಆರು ತಿಂಗಳ ರಜೆ ಕೇಳಿ, ಇಲ್ಲೊಂದು ಬಾಡಿಗೆ ಮನೆಯನ್ನೂ ಗೊತ್ತುಮಾಡಿ, ಈಗ ಬಂದಿದ್ದೇನೆ. ಹರ್ಲಿಂಗ್‌ಹ್ಯಾಮ್‌ನಲ್ಲಿ ಹಲ್ಲಿನ ಕ್ಲಿನಿಕ್ ಇರುವ ಕಟ್ಟಡ, ಮೂರನೇ ಮಹಡಿ. ಮುಸ್ಯೋಕಾನಿಗೆ ಹೇಳಿ ಕಳಿಸುವುದು ಬೇಡ ಎಂದು ನಾನೇ ಬರೆದು, ನಾನೇ ತಂದು ನಿನ್ನ ಬಾಗಿಲ ಕೆಳಗೆ ತೂರಿಸುತ್ತಿದ್ದೇನೆ. ಬಾಗಿಲು ತಟ್ಟುವ ಧೈರ್ಯ ಇಲ್ಲ.

ಭಾರ್ಗವಿ


ಪಾರ್ಕ್‌ಲ್ಯಾಂಡ್ಸ್
26 ಜುಲೈ 2012

ಭಾರ್ಗವಿ,

ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಹೋದವಳು ನಿನ್ನ ಚೀಟಿಯನ್ನು ಬಗ್ಗಿ ಎತ್ತಿಕೊಂಡೆ. ಮೊದಲ ಸಾಲನ್ನು ಎರಡು ಸಲ ಓದಿದೆ. ಹಾಲಿನ ಪಾಕೀಟು ಕೈಯಿಂದ ಜಾರಿ ಮೆಟ್ಟಿಲ ಮೇಲೆ ಒಡೆಯಿತು. ಇಷ್ಟು ವರ್ಷ ನಾನು ಕಳಿಸಿದ ಕರೆ ಹೋಗಿ ಬಾಗಿಲಲ್ಲಿ ನಿಂತಾಗ ಅವರಿಗೆಲ್ಲ ಏನಾಗುತ್ತಿತ್ತು ಎಂದು ನನಗೆ ಆಗ ತಿಳಿಯಿತು. ಇದನ್ನು ಇನ್ನೊಮ್ಮೆ ಬರೆಯಲಾರೆ, ಒಮ್ಮೆ ಓದಿ ಮರೆತುಬಿಡು.

ಗೋಪಿನಾಥರಿಗೆ ಫೋನ್ ಮಾಡಿದೆ. ಬಹಳ ಹೊತ್ತು ಕೆಮ್ಮಿ, ಆಮೇಲೆ ನನ್ನ ಜಾಗಕ್ಕೆ ನಿನ್ನನ್ನು ತರುವ ಕಾಗದಕ್ಕೆ ತಾವೂ ಸಹಿ ಹಾಕಿರುವುದಾಗಿ ಒಪ್ಪಿಕೊಂಡರು. ನೀನು ಅಧ್ಯಕ್ಷೆಯಾದರೆ ವಿನ್ಸೆಂಟ್ ಶನಿವಾರ ಸಂಜೆಗೇ ವಾಪಸು ಬರುತ್ತಾನಂತೆ, ವಫುಲಾನೂ ಬರುತ್ತಾನಂತೆ. ಮೂವರಲ್ಲಿ ಇಬ್ಬರು. ನಿಮ್ಮಪ್ಪನ ನಿಯಮ. ನಾನು ಅಡ್ಡ ನಿಲ್ಲುವವಳಲ್ಲ ಎಂದು ಹಿಂದೆಯೇ ಬರೆದಿದ್ದೇನೆ.

ಶನಿವಾರ ಬರುತ್ತೇನೆ. ನೀನು ಇದನ್ನು ಮೊದಲ ಸಲ ಮಾಡುತ್ತಿದ್ದೀಯ, ಆದ್ದರಿಂದ ಹೇಳುತ್ತೇನೆ ಕೇಳು. ಬಡಿಸುವಾಗ ವಿಷಯ ಎತ್ತಬಾರದು. ಮಜ್ಜಿಗೆ ಅನ್ನದವರೆಗೆ ಬೇರೆ ಮಾತಾಡು, ನಿನ್ನ ಹಡಗುಗಳ ವಿಷಯ ಹೇಳು, ನಾನು ಕೇಳುತ್ತೇನೆ. ಕೈ ತೊಳೆದು ಬಂದು ಕೂತ ಮೇಲೆ ಒಂದೇ ಮಾತಿನಲ್ಲಿ ಹೇಳಿಬಿಡು. ಕಾರಣ ಹೇಳುತ್ತ ಕೂರಬೇಡ, ಎದುರಿಗೆ ಕೂತವರಿಗೆ ಕಾರಣ ಗೊತ್ತಿರುತ್ತದೆ. ಅಳು ಬಂದರೆ ಅಡಿಗೆ ಮನೆಗೆ ಹೋಗು. ಬಡಿಸಿದವಳು ಎದುರಿಗೆ ಅಳಬಾರದು.

ಚಕ್ರಪಾಣಿಯನ್ನು ನಾಳೆ ಶುಕ್ರವಾರ ಮಧ್ಯಾಹ್ನವೇ ಕರೆದಿದ್ದೇನೆ. ಶನಿವಾರ ನನಗೆ ಬಿಡುವಿಲ್ಲವಲ್ಲ. ಆ ಕೆಲಸ ನಿನ್ನ ತಲೆಗೆ ಬರಬಾರದು, ನಿನ್ನನ್ನು ಸೈಕಲ್ ಮೇಲೆ ಸ್ಕೂಲಿಗೆ ಬಿಟ್ಟವನು ಅವನು. ಮುಸ್ಯೋಕಾನನ್ನು ಕಳಿಸಲಿಲ್ಲ, ನಾನೇ ಅವನ ಮನೆಗೆ ಹೋಗಿ ಹೇಳಿ ಬಂದೆ. "ಒಬ್ಬಟ್ಟು ಇರುತ್ತಾ ಅಮ್ಮ?" ಎಂದು ಕೇಳಿದ. ಬೇಳೆ ನೆನೆಹಾಕಿದ್ದೇನೆ.

ಕಿಟ್ ರೂಮಿನ ಬೀಗದ ಕೈ ಈ ಲಕೋಟೆಯಲ್ಲಿದೆ. ಅಲ್ಲಿ ಮೇಲಿನ ಶೆಲ್ಫಿನಲ್ಲಿ, ಹಳೇ ಪ್ಯಾಡುಗಳ ಹಿಂದೆ ಒಂದು ಜೊತೆ ಸಣ್ಣ ಕೀಪಿಂಗ್ ಗ್ಲೌಸ್ ಇದೆ. ಸ್ಥಳ ಸಾಲದು ಎಂದು ಯಾರಾದರೂ ಎಸೆಯಲು ಹೊರಟರೆ ಬಿಡಬೇಡ.

ಕೋಡುಬಳೆ ಇವತ್ತೇ ಕರಿಯುತ್ತಿದ್ದೇನೆ. ಒಂದು ಡಬ್ಬಿ ಚಕ್ರಪಾಣಿಗೆ. ಇನ್ನೊಂದು ಡಬ್ಬಿಯನ್ನು ತೊಳೆದು ಬಿಸಿಲಿಗಿಟ್ಟಿದ್ದೇನೆ, ಅದನ್ನು ಶನಿವಾರ ಖಾಲಿ ತರುತ್ತೇನೆ. ನಿನಗೆ ಹದ ಬರುವುದಿಲ್ಲ ಎಂದು ಗೊತ್ತು. ಅಂಗಡಿಯದ್ದಾದರೂ ಆಗಲಿ, ತುಂಬಿಸಿ ಕೊಡು. ಖಾಲಿ ಕೈಯಲ್ಲಿ ಮಾತ್ರ ಕಳಿಸಬೇಡ.

ನಿನ್ನ ಅಮ್ಮ